ಮೈನಸ್ ಇಪ್ಪತ್ತರ ಚಾಂಪಿಯನ್

ಪ್ರಶ್ನೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೆಲವರಿಗೆ ಹಸಿದವರನ್ನು ಕಂಡರೆ ಕರುಳು ಚುರ್ರೆನ್ನುತ್ತದೆ. ಅವನಿಗೆ ಉತ್ತರ ಸಿಗದೆ ನಿಂತವರನ್ನು ಕಂಡರೆ ಹಾಗಾಗುತ್ತಿತ್ತು. ಗೊತ್ತಿದ್ದರೆ ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದ. ಹೀಗಾಗಿ ಅವನ ಅಂಗಡಿಯ ಮುಂದಿನ ಬೆಂಚು ಖಾಲಿ ಇದ್ದದ್ದನ್ನು ಕಂಡವರಿಲ್ಲ. ಅದು ಮಿಕ್ಸಿ ರಿಪೇರಿ ಅಂಗಡಿ ಎಂಬುದು ನಿಜ. ಆದರೆ ಅಲ್ಲಿಗೆ ಮಿಕ್ಸಿ ಕೆಟ್ಟು ಬರುವವರಿಗಿಂತ ತಲೆ ಕೆಟ್ಟು ಬರುವವರೇ ಹೆಚ್ಚು.

ಬೀದಿಯವರು ಅವನನ್ನು ಚಾಂಪಿಯನ್ ಎಂದು ಕರೆಯುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೂ 'ಚಾಂಪಿಯನ್ ಮಿಕ್ಸಿ ರಿಪೇರಿ' ಎಂದೇ ಇತ್ತು. ಅದೇನೂ ಗಾಳಿಯಲ್ಲಿ ಹಾರಿಬಂದ ಬಿರುದಲ್ಲ. ಮೀಸೆ ಇನ್ನೂ ನೆಟ್ಟಗೆ ಮೂಡಿರದ ಕಾಲದಲ್ಲಿ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಒಂದು ವರ್ಷ, ಇಟ್ಟಿಗೆಯಷ್ಟು ದಪ್ಪದ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ರಟ್ಟಿನಿಂದ ರಟ್ಟಿಗೆ ಬಾಯಿಪಾಠ ಮಾಡಿ, ಟಿವಿಯ ಕ್ವಿಜ್ ಕಾರ್ಯಕ್ರಮಕ್ಕೆ ಹೋಗಿ, ಎಲ್ಲರನ್ನೂ ಸೋಲಿಸಿ ಬಂದಿದ್ದ. ಒಂದು ಕಪ್ಪು, ಒಂದು ಮಿಕ್ಸಿ ಬಹುಮಾನ ಕೊಟ್ಟರು. ಕಪ್ಪು ಇವತ್ತಿಗೂ ಅಂಗಡಿಯ ಕಪಾಟಿನಲ್ಲಿ ಸ್ಕ್ರೂಗಳನ್ನು ಹೊಟ್ಟೆಗೆ ಹಾಕಿಕೊಂಡು ಕೂತಿದೆ. ಮಿಕ್ಸಿ ಮಾತ್ರ ಮೂರೇ ತಿಂಗಳಿಗೆ ಕೈಕೊಟ್ಟಿತು. ಅದನ್ನು ಬಿಚ್ಚಿಕೊಂಡು ಕೂತವನು ಆ ಕಸುಬಿನಲ್ಲೇ ಉಳಿದುಬಿಟ್ಟ. ಮೋಟಾರು, ಬ್ಲೇಡು, ವಾಷರುಗಳು ತಲೆಯೊಳಗೆ ಬಂದು ನೆಲೆಸಿದ ಹಾಗೆಲ್ಲ ನದಿಗಳು, ರಾಜಧಾನಿಗಳು, ಗ್ರಹಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಕೊನೆಗೆ ಉಳಿದದ್ದು ಉತ್ತರ ಹೇಳುವ ಚಟವೊಂದೇ.

ಇದು ಅವನಿಗೆ ಗೊತ್ತಿತ್ತು. ಬೀದಿಗೆ ಗೊತ್ತಿರಲಿಲ್ಲ. ಎಡಗೈಯಲ್ಲಿ ಬರೆಯುವವರಿಗೆ ಆಯಸ್ಸು ಜಾಸ್ತಿ ಎಂದು ಅವನೊಮ್ಮೆ ಹೇಳಿದ್ದರಿಂದ ಎದುರು ಮನೆಯ ವಿಮೆ ಏಜೆಂಟು ಎಡಚರನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದ. ಹುಣ್ಣಿಮೆಯ ದಿನ ಕೂದಲು ಎರಡರಷ್ಟು ಬೆಳೆಯುತ್ತದೆ ಎಂದು ಹೇಳಿದ್ದರಿಂದ ಪಕ್ಕದ ಕಟಿಂಗ್ ಅಂಗಡಿಯವನು ಹುಣ್ಣಿಮೆಯ ಮಾರನೇ ದಿನ ಬೆಳಕು ಹರಿಯುವ ಮೊದಲೇ ಬಾಗಿಲು ತೆಗೆದು, ಕತ್ತರಿ ಹಿಡಿದುಕೊಂಡು ಗಿರಾಕಿಗಳ ದಾರಿ ಕಾಯುತ್ತಿದ್ದ. ಯಾರೂ ಬರದಿದ್ದರೆ ತಪ್ಪು ಗಿರಾಕಿಗಳದ್ದೇ ಹೊರತು ಚಾಂಪಿಯನ್‌ನದಲ್ಲ.

ಇಡೀ ಬೀದಿಯಲ್ಲಿ ಅವನನ್ನು ಚಾಂಪಿಯನ್ ಎನ್ನದವರು ಒಬ್ಬರೇ. ಅವರು ಮೂಲೆಮನೆಯ ಟೀಚರಮ್ಮ. ಅವರು "ಮಿಕ್ಸಿಯವರೇ" ಎನ್ನುತ್ತಿದ್ದರು. ಇದಕ್ಕೆ ಕಾರಣ ಒಂದು ಜೇಡ.

ಆದದ್ದಿಷ್ಟು. ಏಜೆಂಟನ ಮಗಳು ಪರೀಕ್ಷೆಯ ಹಿಂದಿನ ದಿನ ಬೆಂಚಿನ ಹತ್ತಿರ ಬಂದು, ಜೇಡಕ್ಕೆ ಎಷ್ಟು ಕಾಲು ಎಂದು ಕೇಳಿದಳು. ಅವನು ಕೈಯಲ್ಲಿದ್ದ ಮೋಟಾರಿನಿಂದ ತಲೆ ಎತ್ತದೆ "ಆರು" ಅಂದ. ಹುಡುಗಿ ಆರು ಎಂದು ಬರೆದಳು. ಟೀಚರಮ್ಮ ಒಂದು ಅಂಕ ಕತ್ತರಿಸಿದರು. ಬೀದಿಗೆ ಬೀದಿಯೇ ಸ್ಕೂಲಿಗೆ ಹೊರಟಿತು. ಕಟಿಂಗ್ ಅಂಗಡಿಯವನು ಅರ್ಧ ಕ್ಷೌರ ಮಾಡಿದ್ದ ಗಿರಾಕಿಯನ್ನೂ ಕರೆದುಕೊಂಡು ಬಂದ. ಟೀಚರಮ್ಮ ಪುಸ್ತಕ ತೆರೆದು ತೋರಿಸಿದರೆ, "ಅಚ್ಚು ಹಾಕೋರು ಮನುಷ್ಯರಲ್ವಾ ಮೇಡಂ, ತಪ್ಪಾಗಿರುತ್ತೆ" ಅಂದ ಕಟಿಂಗ್‌ನವನು. ಆಗ ಟೀಚರಮ್ಮ ಚಾಂಪಿಯನ್ ಒಬ್ಬನನ್ನೇ ಒಳಗೆ ಕರೆದು, ಬೀರುವಿನ ಹಿಂದೆ ಬಲೆ ಕಟ್ಟಿಕೊಂಡಿದ್ದ ಜೇಡವೊಂದನ್ನು ತೋರಿಸಿ, "ಎಣಿಸಿ" ಎಂದರು. ಅವನು ಎಡದಿಂದ ಎಣಿಸಿದ. ಬಲದಿಂದ ಎಣಿಸಿದ. ಎಲ್ಲಿಂದ ಎಣಿಸಿದರೂ ಎಂಟು. ಹೊರಗೆ ಬಿಸಿಲಲ್ಲಿ ನಿಂತ ಬೀದಿ "ಆರು! ಆರು!" ಎಂದು ಕೂಗುತ್ತಿತ್ತು. ಊಟ ಬಿಟ್ಟು, ಕೆಲಸ ಬಿಟ್ಟು ತನಗೋಸ್ಕರ ಗಂಟಲು ಹರಿದುಕೊಳ್ಳುತ್ತಿರುವ ಜನ. ಹೊರಗೆ ಬಂದು, "ಮಾತುಕತೆ ಆಯ್ತು, ಬನ್ನಿ, ಮನೆಗೆ ಹೋಗೋಣ" ಎಂದಷ್ಟೇ ಹೇಳಿದ. ಬೀದಿ ಅದನ್ನು ಗೆಲುವೆಂದುಕೊಂಡು ಜೈಕಾರ ಹಾಕಿತು.

"ಮಿಕ್ಸಿಯವರೇ, ಇದನ್ನ ನಾನು ಹೇಳಿದ್ರೆ ಅವರು ಕೇಳೋಲ್ಲ" ಎಂದಿದ್ದರು ಟೀಚರಮ್ಮ, ಅವನ ಬೆನ್ನಿಗೆ. "ಒಂದಲ್ಲ ಒಂದು ದಿನ ನೀವೇ ಹೇಳ್ಬೇಕು. ಆ ಮಗುವಿಗಾದ್ರೂ."

ಅಂದಿನಿಂದ ಟೀಚರಮ್ಮ ತಮ್ಮ ಮಿಕ್ಸಿ ಕೆಟ್ಟರೆ ಬಸ್ಸು ಹತ್ತಿ ಊರಿನ ಆ ತುದಿಗೆ ಒಯ್ಯುತ್ತಿದ್ದರು. ಬೆಂಚಿನ ಮುಂದೆಯೇ ಒಯ್ಯುತ್ತಿದ್ದರು. ಅವನು ಆಗೆಲ್ಲ ತಲೆ ತಗ್ಗಿಸಿ ಸ್ಕ್ರೂ ಹುಡುಕುತ್ತಿದ್ದ.

ಇಂಥ ಸ್ಥಿತಿಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಅವನ ಕೈತುಂಬ ಗ್ರೀಸು. ಕಟಿಂಗ್ ಅಂಗಡಿಯವನೇ ಫೋನು ಎತ್ತಿ, ಬೆಂಚಿನವರಿಗೆಲ್ಲ ಕೇಳಲೆಂದು ಸ್ಪೀಕರ್ ಒತ್ತಿದ.

"ನಮಸ್ಕಾರ ಸಾರ್, ಟಿವಿ ಚಾನೆಲ್‌ನಿಂದ ಮಾತಾಡ್ತಿದೀವಿ. ನಮ್ಮ ಕ್ವಿಜ್‌ನ ಹಳೇ ಚಾಂಪಿಯನ್‌ಗಳನ್ನೆಲ್ಲ ಮತ್ತೆ ಒಟ್ಟಿಗೆ ಸೇರಿಸಿ ಒಂದು ಟೂರ್ನಮೆಂಟ್ ಮಾಡ್ತಿದೀವಿ. ಲೈವ್. ನೀವು ಬರ್ತೀರಾ?"

"ಅದು... ನನಗೆ ಸ್ವಲ್ಪ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬೆಂಚಿಗೆ ಬೆಂಚೇ "ಬರ್ತಾರೆ!" ಎಂದು ಕೂಗಿತು.

"ಯಾರು ಮಾತಾಡ್ತಿರೋದು?" ಎಂದಳು ಫೋನಿನ ಹುಡುಗಿ.

"ಬೀದಿ" ಎಂದ ಕಟಿಂಗ್ ಅಂಗಡಿಯವನು. "ಬರ್ತಾರೆ ಅಂತ ಬರ್ಕೊಳಿ ಮೇಡಂ. ಕಪ್ಪು ಸ್ವಲ್ಪ ದೊಡ್ಡದೇ ಇರಲಿ. ಹಳೇದರಲ್ಲಿ ಸ್ಕ್ರೂ ಹಿಡೀತಿಲ್ಲ."

ಅಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಅವನು ಹೆಂಡತಿಯ ಹತ್ತಿರ ಬಾಯಿ ಬಿಟ್ಟ. "ನನಗೆ ಒಂದೂ ನೆನಪಿಲ್ಲ ಕಣೇ."

"ಗೊತ್ತು" ಅಂದಳು ಅವಳು, ಸಾರು ಬಡಿಸುತ್ತ. "ಮದುವೆಯಾದ ವಾರದಲ್ಲೇ ಗೊತ್ತಾಯ್ತು. ಅದಕ್ಕೇ ನಾನು ಇಷ್ಟು ವರ್ಷ ನಿಮ್ಮನ್ನ ಒಂದು ಪ್ರಶ್ನೆನೂ ಕೇಳಿಲ್ಲ. ತಂದ್ಕೊಡಿ, ಇಟ್ಬಿಡಿ, ಹಾಕ್ಬನ್ನಿ. ಅಷ್ಟೇ."

ಅವನು ನೆನಪು ಮಾಡಿಕೊಂಡ. ಹೌದು, ಅವಳು ಕೇಳಿದ್ದೇ ಇಲ್ಲ.

"ಬೀದಿಯವರಿಗೂ ಗೊತ್ತಾದ್ರೆ?"

"ಬೆಂಚು ಖಾಲಿಯಾಗುತ್ತೆ."

ಅವಳು ಸುಮ್ಮನೆ ಹೇಳಿದ್ದು. ಆದರೆ ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಬೆಂಚು ಖಾಲಿಯಾದರೆ ಏನುಳಿಯುತ್ತದೆ? ಸತ್ತ ಮಿಕ್ಸಿಗಳ ನಡುವೆ ಕೂತ ಒಬ್ಬ ಮನುಷ್ಯ. ಅವನಿಗೆ ಆ ಬೆಂಚಿಗಿಂತ ದೊಡ್ಡ ಆಸ್ತಿ ಇರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿದ ಕೂಡಲೇ ಯಾರಾದರೊಬ್ಬರು ಬಂದು "ಚಾಂಪಿಯನ್ರೇ, ಒಂದು ಡೌಟು" ಅನ್ನಬೇಕು. ಆಮೇಲೆಯೇ ಅವನಿಗೆ ದಿನ ಶುರು.

ಸರಿ, ಓದಿಬಿಡೋಣ ಎಂದು ಹಳೆಯ ದಪ್ಪ ಪುಸ್ತಕವನ್ನು ಹುಡುಕಿದ. ಅದರ ಹಾಳೆಗಳು ಅಡುಗೆಮನೆಯ ಶೆಲ್ಫುಗಳಲ್ಲಿ ಡಬ್ಬಿಗಳ ಕೆಳಗೆ ಹಾಸಿ ಹೋಗಿದ್ದವು. ಅವನು ಡಬ್ಬಿ ಎತ್ತಿ ಎತ್ತಿ ಓದತೊಡಗಿದ. ಸಕ್ಕರೆ ಡಬ್ಬಿಯ ಕೆಳಗೆ ನದಿಗಳಿದ್ದವು. ಬೇಳೆ ಡಬ್ಬಿಯ ಕೆಳಗೆ ಯುದ್ಧಗಳು ನಡೆಯುತ್ತಿದ್ದವು. ಎಣ್ಣೆ ಡಬ್ಬಿಯ ಕೆಳಗಿದ್ದ ವಿಜ್ಞಾನ ಪೂರ್ತಿ ಎಣ್ಣೆ ಕುಡಿದು ಆಚೆ ಪುಟ ಈಚೆ ಪುಟ ಒಂದಾಗಿತ್ತು. ಹೆಂಡತಿ ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ ಉಪ್ಪೆಂದು ಸಕ್ಕರೆ ಹಾಕಿದ ಪಲ್ಯ ತಿನ್ನಬೇಕಾಗಿ ಬಂದಾಗ, "ಜ್ಞಾನ ಸಾಕು, ಡಬ್ಬಿ ಇದ್ದಲ್ಲೇ ಇಡಿ" ಎಂದು ಅಪ್ಪಣೆಯಾಯಿತು.

ಹೊರಡುವ ದಿನ ಬೀದಿಯವರು ಅವನಿಗೆ ಏಜೆಂಟನ ಕೋಟು ತೊಡಿಸಿದರು. ಏಜೆಂಟನ ಹೊಟ್ಟೆಗೆ ಹೊಲಿದ ಕೋಟು ಅದು. ಒಳಗೆ ಇನ್ನೊಬ್ಬ ಚಾಂಪಿಯನ್ ಆರಾಮಾಗಿ ಕೂರಬಹುದಿತ್ತು. ಕಟಿಂಗ್ ಅಂಗಡಿಯವನು ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು, "ನಾವೆಲ್ಲ ನನ್ನಂಗಡಿ ಟಿವಿ ಮುಂದೇ ಇರ್ತೀವಿ. ನೀವು ಬಜರ್ ಒತ್ತಿದ್ರೆ ನಾವಿಲ್ಲಿ ಕುರ್ಚಿ ಮೇಲೆ ಹತ್ತಿ ನಿಲ್ತೀವಿ" ಎಂದು ಮಾತು ಕೊಟ್ಟ. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಟೀಚರಮ್ಮ ಕ್ಷಣ ನಿಂತರು.

"ಮಿಕ್ಸಿಯವರೇ, ಅಲ್ಲಿ ಜೇಡದ ಪ್ರಶ್ನೆ ಕೇಳಿದ್ರೆ ಏನಂತೀರಿ?"

ಕಟಿಂಗ್ ಅಂಗಡಿಯವನು ಬಿದ್ದು ಬಿದ್ದು ನಕ್ಕ. "ಅದು ಚಾಂಪಿಯನ್‌ಗಳ ಕ್ವಿಜ್ ಮೇಡಂ! ಅಲ್ಲಿ ಅಂಥ ಚಿಕ್ಕ ಮಕ್ಕಳ ಪ್ರಶ್ನೆ ಯಾರು ಕೇಳ್ತಾರೆ?"

ಚಾಂಪಿಯನ್ ಕೂಡ ನಕ್ಕ. ಅವನ ಮಟ್ಟಿಗೆ ಆ ದಿನದ ಕೊನೆಯ ನಗು ಅದು.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇನ್ನೂ ಐವರು ಹಳೇ ಚಾಂಪಿಯನ್‌ಗಳು ಕೂತಿದ್ದರು. ಎಲ್ಲರ ಮುಖದಲ್ಲೂ ಗಾಂಭೀರ್ಯ. ಒಬ್ಬರು ದಂತವೈದ್ಯೆ. ಒಬ್ಬರು ಲಾಯರು. ಇನ್ನು ಮೂವರು ಕಣ್ಣು ಮುಚ್ಚಿಕೊಂಡು ಋಷಿಗಳ ಹಾಗೆ ತುಟಿ ಅಲುಗಿಸುತ್ತಿದ್ದರು. ಅವನು ಮೂಲೆಯಲ್ಲಿ ಕೋಟಿನೊಳಗೆ ಮುದುಡಿ ಕೂತ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಏನೋ ಟಕಟಕ ಸದ್ದು. ನೋಡಿದರೆ, ಡಾಕ್ಟರಮ್ಮನ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

"ಚಳಿನಾ ಮೇಡಂ?" ಎಂದ.

"ಭಯ ಕಣ್ರೀ" ಎಂದರು ಅವರು ಪಿಸುದನಿಯಲ್ಲಿ. "ಗೆದ್ದು ಎಷ್ಟು ವರ್ಷ ಆಯ್ತು! ಈಗ ಹಲ್ಲು ಬಿಟ್ರೆ ನನಗೆ ಬೇರೇನೂ ಗೊತ್ತಿಲ್ಲ. ನನ್ನ ಪೇಶಂಟುಗಳೆಲ್ಲ ನೋಡ್ತಿರ್ತಾರೆ. ತಪ್ಪು ಹೇಳಿದ್ರೆ ನಾಳೆ ನನ್ನ ಮುಂದೆ ಯಾರು ಬಾಯಿ ತೆಗೀತಾರೆ?"

ಈ ಮಾತು ಕೇಳಿ ಋಷಿಗಳು ಮೂವರೂ ಒಟ್ಟಿಗೆ ಕಣ್ಣು ತೆರೆದರು. "ನಿಮಗೂನಾ?" ಎಂದರು. ಒಬ್ಬನಿಗೆ ಅತ್ತೆಮನೆಯ ಭಯ. ಒಬ್ಬನಿಗೆ ಆಫೀಸಿನ ಭಯ. ಒಬ್ಬನಿಗೆ ಹೆಂಡತಿ, "ಗೆಲ್ಲದೆ ಬಂದ್ರೆ ಇನ್ಮೇಲೆ ರಿಮೋಟು ನನ್ನ ಕೈಗೆ" ಎಂದು ಹೇಳಿ ಕಳಿಸಿದ್ದಳಂತೆ. ಚಾಂಪಿಯನ್‌ನ ಮನಸ್ಸು ಹಗುರಾಯಿತು. ಇಷ್ಟು ದಿನ ತಾನೊಬ್ಬನೇ ಖಾಲಿ ಡಬ್ಬಿ ಎಂದುಕೊಂಡಿದ್ದ. ಇಲ್ಲಿ ನೋಡಿದರೆ ಇಡೀ ಶೆಲ್ಫೇ ಖಾಲಿ.

ಲಾಯರು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ಯೋಚನೆ ಮಾಡಿ. ತಪ್ಪು ಉತ್ತರಕ್ಕೆ ಮೈನಸ್ ಹತ್ತು. ಸುಮ್ಮನಿದ್ರೆ ಏನೂ ಇಲ್ಲ. ನನ್ನ ಕಕ್ಷಿದಾರರಿಗೆ ನಾನು ಯಾವಾಗ್ಲೂ ಹೇಳೋದು ಒಂದೇ ಮಾತು. ಬಾಯಿ ತೆರೆದವನೇ ಸಿಕ್ಕಿಬೀಳೋದು."

ಅಲ್ಲಿದ್ದ ಎಲ್ಲರ ಬಾಯಿಗೂ ಆ ಕ್ಷಣದಲ್ಲೇ ಬೀಗ ಬಿತ್ತು.

ದೀಪಗಳು ಝಗ್ಗೆಂದವು. ಸಂಗೀತ ಮೊಳಗಿತು. ನಿರೂಪಕರು ಬಂದರು. ಅಂದು ಇವನಿಗೆ ಕಪ್ಪು ಕೊಟ್ಟವರೇ. ಆಗ ಕಪ್ಪಗಿದ್ದ ಕೂದಲು ಈಗ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. "ಜ್ಞಾನದ ಆರು ಜ್ವಾಲಾಮುಖಿಗಳು ಇವತ್ತು ನಮ್ಮ ಮುಂದಿವೆ!" ಎಂದು ಸಾರಿದರು. ಜ್ವಾಲಾಮುಖಿಗಳು ಆರೂ ಉಗುಳು ನುಂಗಿದವು.

ಮೊದಲ ಪ್ರಶ್ನೆ ಬಂತು. ಯಾರೂ ಬಜರ್ ಒತ್ತಲಿಲ್ಲ. ಎರಡನೆಯದು ಬಂತು. ಸ್ಟುಡಿಯೋದಲ್ಲಿ ಫ್ಯಾನಿನ ಸದ್ದು ಕೇಳಿಸತೊಡಗಿತು. ಮೂರನೆಯ ಪ್ರಶ್ನೆಗೆ ಲಾಯರು ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡು ಕೂತರು, ಎಲ್ಲಿ ಮರೆತು ಒತ್ತಿಬಿಡುತ್ತೇನೋ ಎಂದು. ನಿರೂಪಕರು ನಗುತ್ತಲೇ ಇದ್ದರು. ಆದರೆ ನಗು ಅವರ ಮುಖಕ್ಕೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಹಣೆಯಿಂದ ಬೆವರಿಳಿದು ಪೌಡರಿನಲ್ಲಿ ಕಾಲುವೆ ತೋಡುತ್ತಿತ್ತು. ಅವರ ಕಿವಿಯೊಳಗೆ ಸಿಕ್ಕಿಸಿದ್ದ ಯಂತ್ರದಲ್ಲಿ ಯಾರೋ ಎಷ್ಟು ಜೋರಾಗಿ ಕಿರುಚುತ್ತಿದ್ದರೆಂದರೆ ಮುಂದಿನ ಸಾಲಿನಲ್ಲಿದ್ದ ಇವನಿಗೂ ಕೇಳಿಸಿತು. "ಸುಲಭದ್ದು ಕೇಳ್ರೀ! ಜನ ಚಾನೆಲ್ ಬದಲಾಯಿಸ್ತಿದಾರೆ!"

"ಮನುಷ್ಯನ ದೇಹದಲ್ಲಿ ಅತಿ ದೊಡ್ಡ ಅಂಗ ಯಾವುದು?" ಎಂದು ಕೇಳಿದರು ನಿರೂಪಕರು. ಆರೂ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಡಾಕ್ಟರಮ್ಮ ಕಣ್ಣು ತಪ್ಪಿಸಿ ಚಾವಣಿ ನೋಡಿದರು. ಕೊನೆಗೆ ನಿರೂಪಕರ ನೋಟ ಇವನ ಮೇಲೆ ಬಂದು ನಿಂತಿತು. ಅದು ಉತ್ತರ ಸಿಗದೆ ನಿಂತ ಮನುಷ್ಯನ ನೋಟ.

ಇವನ ಕರುಳು ಚುರ್ರೆಂದಿತು. ಕೈ ತಾನಾಗಿಯೇ ಬಜರಿನ ಮೇಲೆ ಬಿತ್ತು. ಮೈಮೇಲಿನ ಕೋಟಿನ ಯಜಮಾನ ಕಣ್ಣಮುಂದೆ ಬಂದ.

"ಹೊಟ್ಟೆ!" ಎಂದ.

"ತಪ್ಪು! ಚರ್ಮ!" ಎಂದರು ನಿರೂಪಕರು. ಆದರೆ ಆ ಮುಖದಲ್ಲಿ ಎಂಥ ಕೃತಜ್ಞತೆ! ಮುಳುಗುವವನಿಗೆ ಹಗ್ಗ ಸಿಕ್ಕ ಹಾಗಿತ್ತು. ಮೈನಸ್ ಹತ್ತು.

ಇತ್ತ ಕಟಿಂಗ್ ಅಂಗಡಿಯಲ್ಲಿ ಆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಮಾತು ಕೊಟ್ಟಂತೆ ಎಲ್ಲರೂ ಕುರ್ಚಿ ಹತ್ತಿ ನಿಂತಿದ್ದರಂತೆ. ಚರ್ಮ ಎಂದಾಗ ಕಟಿಂಗ್ ಅಂಗಡಿಯವನು ಏಜೆಂಟನ ಹೊಟ್ಟೆಯ ಕಡೆ ಕೈ ತೋರಿಸಿ, "ಇದನ್ನ ನೋಡಿದ್ರೆ ಟಿವಿಯವರು ಆ ಮಾತು ಆಡ್ತಿದ್ರಾ?" ಎಂದು ಕೇಳಿದನಂತೆ. ಸಭೆ ಒಪ್ಪಿತು. ಟಿವಿಯದ್ದೇ ತಪ್ಪೆಂದು ತೀರ್ಮಾನವಾಯಿತು.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನಿಗೆ ತಡೆಯಿರಲಿಲ್ಲ. ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು ಎಂದಾಗ, ಉಳಿದವರೆಲ್ಲ ಕಲ್ಲಾಗಿ ಕೂತದ್ದನ್ನು ನೋಡಲಾರದೆ "ಚಂದ್ರ" ಎಂದ. ಬುಧ ಎಂದು ಗೊತ್ತಾಯಿತು. ಒಂಟೆ ಡುಬ್ಬದಲ್ಲಿ ಏನು ಕೂಡಿಟ್ಟುಕೊಳ್ಳುತ್ತದೆ ಎಂದಾಗ "ನೀರು" ಎಂದ. ಕೊಬ್ಬು ಎಂದು ಗೊತ್ತಾಯಿತು. ಲಾಯರು, ತಾವೂ ನೀರೆಂದೇ ತಿಳಿದಿದ್ದವರು, ನಿಟ್ಟುಸಿರು ಬಿಟ್ಟು ಜೇಬಿನೊಳಗೆ ಕೈಗಳನ್ನು ಇನ್ನೂ ಆಳಕ್ಕೆ ಇಳಿಸಿದರು. ಮೈನಸ್ ಮೂವತ್ತು. ಉಳಿದ ಐವರದ್ದೂ ಶುಭ್ರವಾದ ಸೊನ್ನೆ. ಕಟಿಂಗ್ ಅಂಗಡಿಯಲ್ಲಿ ಆ ಹೊತ್ತಿಗೆ ಟಿವಿಯವರಿಗೆ ಲಂಚ ಹೋಗಿದೆ ಎಂಬ ಮಾತು ಹುಟ್ಟಿ, ಒಂಟೆಯವರು ಕೊಟ್ಟಿರಬೇಕು ಎಂಬಲ್ಲಿಗೆ ಬಂದು ನಿಂತಿತ್ತು.

ನಿರೂಪಕರ ಕಿವಿಯ ಯಂತ್ರ ಮತ್ತೆ ಕಿರುಚಿತು. "ಕೊನೇ ಪ್ರಶ್ನೆ! ಇನ್ನೂ ಸುಲಭ! ಚಿಕ್ಕ ಮಕ್ಕಳದ್ದು ಕೇಳ್ರೀ!"

ನಿರೂಪಕರು ಬೆವರೊರೆಸಿಕೊಂಡು, ಮಗುವಿಗೆ ಹೇಳುವಂತೆ ನಿಧಾನವಾಗಿ ಕೇಳಿದರು. "ಜೇಡಕ್ಕೆ ಎಷ್ಟು ಕಾಲು?"

ಐವರು ಚಾಂಪಿಯನ್‌ಗಳ ಮುಖ ಬಿಳಿಚಿಕೊಂಡಿತು. ಚಾಂಪಿಯನ್‌ಗಳಿಗೆ ಇಷ್ಟು ಸುಲಭದ ಪ್ರಶ್ನೆ ಕೇಳುತ್ತಾರೆಂದರೆ ಒಳಗೆ ಏನೋ ಮೋಸ ಇರಲೇಬೇಕು. ಇನ್ನಷ್ಟು ಬಿಗಿಯಾಗಿ ತುಟಿ ಕಚ್ಚಿಕೊಂಡರು.

ಇವನ ಕೈ ಅಭ್ಯಾಸಬಲದಿಂದ ಬಜರ್ ಒತ್ತಿಬಿಟ್ಟಿತ್ತು. ಒತ್ತಿದ ಮೇಲೆ ಪ್ರಶ್ನೆ ತಲೆಗಿಳಿಯಿತು. ಸ್ಟುಡಿಯೋದ ದೀಪಗಳೆಲ್ಲ ಒಂದಾಗಿ ಸುತ್ತತೊಡಗಿದವು.

ಇಡೀ ಸಂಜೆಯಲ್ಲಿ, ಇಡೀ ಜಗತ್ತಿನಲ್ಲಿ, ಅವನಿಗೆ ಖಂಡಿತವಾಗಿ ಗೊತ್ತಿದ್ದ ಉತ್ತರ ಅದೊಂದೇ. ಎಡದಿಂದ ಎಣಿಸಿದ್ದ, ಬಲದಿಂದ ಎಣಿಸಿದ್ದ. ಅದೊಂದನ್ನೇ ಅವನು ಹೇಳುವ ಹಾಗಿರಲಿಲ್ಲ. ಕಟಿಂಗ್ ಅಂಗಡಿಯಲ್ಲಿ ಕುರ್ಚಿಗಳ ಮೇಲೆ ನಿಂತ ಅಷ್ಟೂ ಜನ ಆರು ಎಂದು ಕೂಗಿ ಗಂಟಲು ಒಣಗಿಸಿಕೊಂಡವರು. ಆರು ಎಂದರೆ ಇನ್ನೊಂದು ಮೈನಸ್ ಹತ್ತು, ಟಿವಿಯದ್ದೇ ತಪ್ಪು, ನಾಳೆ ಬೆಂಚು ತುಂಬಿರುತ್ತದೆ. ಎಂಟು ಎಂದರೆ ಅವರನ್ನೆಲ್ಲ ಸ್ಕೂಲಿನ ಮುಂದೆ ನಿಲ್ಲಿಸಿ ಮೂರ್ಖರನ್ನಾಗಿ ಮಾಡಿದ ಹಾಗೆ. ಆದರೆ ಆ ಜನರ ನಡುವೆ ಏಜೆಂಟನ ಮಗಳೂ ಕೂತಿರುತ್ತಾಳೆ. ಚಾಂಪಿಯನ್ ಮಾಮ ಹೇಳಿದ್ದು ಸರಿ ಎಂದು ಇವತ್ತಿಗೂ ನಂಬಿಕೊಂಡು.

"ಸಮಯ ಮುಗೀತಾ ಬಂತು" ಎಂದರು ನಿರೂಪಕರು ಮೆಲ್ಲಗೆ.

"ಎಂಟು" ಎಂದ. ಅದನ್ನು ಮಾತ್ರ ಅವನು ಜೋರಾಗಿ ಹೇಳಲಿಲ್ಲ.

"ಸರಿಯಾದ ಉತ್ತರ!" ನಿರೂಪಕರು ಹೆಚ್ಚುಕಡಿಮೆ ಅತ್ತೇಬಿಟ್ಟರು. ಸಂಗೀತ ಮೊಳಗಿತು. ಮೇಲಿನಿಂದ ಬಣ್ಣದ ಕಾಗದಗಳು ಸುರಿದವು. ಹತ್ತು ಅಂಕ ಸೇರಿ ಅವನದು ಮೈನಸ್ ಇಪ್ಪತ್ತಾಯಿತು. ಸೊನ್ನೆಯ ಐವರು ಜಂಟಿಯಾಗಿ ಗೆದ್ದು ಮುಂದಿನ ಸುತ್ತಿಗೆ ಹೋದರು. ಒಂದು ಪ್ರಶ್ನೆಗೂ ಬಾಯಿ ಬಿಡದ ಐವರಿಗೂ ಒಂದೊಂದು ಕಪ್ಪು, ಒಂದೊಂದು ಮಿಕ್ಸಿ ಬಂತು. ಬಾಯಿ ಬಿಟ್ಟವನೊಬ್ಬ ಹೊರಗೆ ಹೋದ. ಹೋಗುವ ಮೊದಲು ಡಾಕ್ಟರಮ್ಮನ ಮಿಕ್ಸಿಯನ್ನು ಅಲ್ಲಾಡಿಸಿ ನೋಡಿ, "ಮೂರು ತಿಂಗಳಿಗೆ ಇದರ ಸ್ವಿಚ್ಚು ಹೋಗುತ್ತೆ ಮೇಡಂ. ಹೋದ್ರೆ ನನ್ನ ಹತ್ರ ತನ್ನಿ" ಎಂದು ವಿಳಾಸ ಹೇಳಿದ. ಅದು ಉತ್ತರವಲ್ಲವಾದ್ದರಿಂದ ಯಾರೂ ಅಂಕ ಕಳೆಯಲಿಲ್ಲ.

ಮನೆಗೆ ಅವನು ಹಿಂದಿನ ಓಣಿಯಿಂದ ಬಂದ. ಹೆಂಡತಿ ಬಾಗಿಲು ತೆಗೆದು ಅವನ ಮುಖ ನೋಡಿ, ಕೋಟು ಬಿಚ್ಚಿಸಿಕೊಂಡಳು.

"ಬೀದಿ ಏನಂತು?"

"ಮೂರು ತಪ್ಪಿಗೂ ನಿಮ್ಮ ಕಡೆನೇ ಇದ್ರು" ಅಂದಳು. "ಸರಿ ಹೇಳಿದ್ರಲ್ಲ, ಆಗ ಎಲ್ರೂ ಕುರ್ಚಿಯಿಂದ ಇಳಿದ್ರು. ಕಟಿಂಗ್‌ನವನು ಟಿವಿ ಆರಿಸ್ದ. 'ನಮ್ಮ ಕೈಲಿ ಆರು ಅನ್ನಿಸಿ, ಅಲ್ಲಿ ಹೋಗಿ ಎಂಟು ಅಂದ್ರಲ್ಲ' ಅಂದ. ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು."

ಮಾರನೇ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕಟಿಂಗ್ ಅಂಗಡಿಯವನು ತನ್ನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಈ ಕಡೆ ಬೆನ್ನು ಮಾಡಿ ಕೂತು, ನಿನ್ನೆಯ ಪೇಪರು ಓದುತ್ತಿದ್ದ. ಏಜೆಂಟು ಬಂದು ಕೋಟು ಇಸಿದುಕೊಂಡು, ಜೇಬುಗಳನ್ನು ಸುಮ್ಮನೆ ತಡವಿ, ಒಂದು ಮಾತೂ ಆಡದೆ ಹೋದ. ಇಬ್ಬರು ಗಿರಾಕಿಗಳು ಬಂದರು. ಮಿಕ್ಸಿ ಯಾವಾಗ ಸಿಗುತ್ತೆ ಎಂದು ಕೇಳಿದರು, ಹೋದರು. ಅದೂ ಪ್ರಶ್ನೆಯೇ. ಆದರೆ ಅಂಥ ಪ್ರಶ್ನೆಗಳಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮನಸ್ಸು ತುಂಬುವುದಿಲ್ಲ. ಅವನಿಗೆ ತುಂಬ ದುಃಖವಾಯಿತು. ಬಿಸಿಲೇರುವವರೆಗೆ ಖಾಲಿ ಬೆಂಚನ್ನು ನೋಡಿದ. ಆಮೇಲೆ ಒಳಗಿನಿಂದ ಕಪ್ಪು ಬಣ್ಣದ ಡಬ್ಬಿ, ಬ್ರಷ್ಷು ತಂದು, ಸ್ಟೂಲು ಹತ್ತಿ, ಬೋರ್ಡಿನ ಮುಂದೆ ನಿಂತ. 'ಮಿಕ್ಸಿ ರಿಪೇರಿ' ಇರಲಿ. ಮೊದಲ ಪದ ಹೋಗಲಿ.

ಬ್ರಷ್ಷು ಅದ್ದಿ ಕೈ ಎತ್ತಿದ್ದ. ಹಿಂದಿನಿಂದ ದನಿ ಬಂತು.

"ಚಾಂಪಿಯನ್ರೇ."

ಅವನು ತಿರುಗಿ ನೋಡಿ ಸ್ಟೂಲಿನಿಂದ ಬೀಳುವುದರಲ್ಲಿದ್ದ. ಟೀಚರಮ್ಮ. ಕಂಕುಳಲ್ಲಿ ಮಿಕ್ಸಿ. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಕಟಿಂಗ್ ಅಂಗಡಿಯವನ ಕುರ್ಚಿ ಅವನಿಗೇ ಗೊತ್ತಾಗದಂತೆ ಈ ಕಡೆ ತಿರುಗಿತು.

"ಏನು... ಏನಂದ್ರಿ ಟೀಚರಮ್ಮ?"

"ಚಾಂಪಿಯನ್ರೇ ಅಂದೆ. ಕಿವಿನೂ ರಿಪೇರಿಗೆ ಬಂದಿದೆಯಾ? ಇದರಲ್ಲಿ ಏನೋ ಸುಟ್ಟ ವಾಸನೆ ಬರ್ತಿದೆ, ನೋಡಿ." ಮಿಕ್ಸಿಯನ್ನು ಕೌಂಟರಿನ ಮೇಲಿಟ್ಟು, ಬೆಂಚನ್ನು ಸೆರಗಿನಿಂದ ಒರೆಸಿ, ಅದರ ನಡುಮಧ್ಯೆ ಕೂತರು. ಆಮೇಲೆ ಇಡೀ ಬೀದಿ ತಮ್ಮ ತರಗತಿ ಎಂಬಂತೆ ದನಿ ಎತ್ತಿದರು. "ನಿನ್ನೆ ನಾನೂ ಟಿವಿ ನೋಡ್ದೆ. ಆರು ಜನ ಕೂತಿದ್ರು. ಐದು ಜನ ಜೇಬಲ್ಲಿ ಕೈ ಇಟ್ಕೊಂಡು ಕೂತು ಕಪ್ಪು ತಗೊಂಡು ಹೋದ್ರು. ಇವರೂ ಹಾಗೇ ಕೂತಿದ್ರೆ ಇವರಿಗೂ ಸೊನ್ನೆ ಬರ್ತಿತ್ತು, ಕಪ್ಪೂ ಬರ್ತಿತ್ತು. ನನ್ನ ಕ್ಲಾಸಲ್ಲಿ ಕೈ ಎತ್ತಿದ ಮಗುಗೆ ನಾನು ಯಾವತ್ತೂ ಮೈನಸ್ ಕೊಟ್ಟಿಲ್ಲ. ಇನ್ನು ಆ ಕೊನೇ ಉತ್ತರ. ಅದನ್ನ ಹೇಳೋಕೆ ಇವರಿಗೆ ಎಷ್ಟು ಕಷ್ಟ ಆಯ್ತು ಅಂತ ನನಗೆ ಗೊತ್ತು."

ಕಿಟಕಿಗಳಲ್ಲಿ ಪಿಸುಪಿಸು ಹಬ್ಬಿತು. ಕಪ್ಪಿನ ಲೆಕ್ಕ ಬೀದಿಗೆ ಹೊಳೆದೇ ಇರಲಿಲ್ಲ. ಏಜೆಂಟು ಹೊರಗೆ ಬಂದ. ಕಟಿಂಗ್ ಅಂಗಡಿಯವನು ಎದ್ದು ನಾಲ್ಕು ಹೆಜ್ಜೆ ಈಚೆಗೆ ಬಂದು ನಿಂತ. ಮುಖ ಮಾತ್ರ ಇನ್ನೂ ಬಿಗಿದುಕೊಂಡೇ ಇತ್ತು.

"ಅದೆಲ್ಲ ಸರಿ ಮೇಡಂ. ಆದ್ರೆ ನಾವು ಆವತ್ತು ಸ್ಕೂಲ್ ಮುಂದೆ ಬಿಸಿಲಲ್ಲಿ ನಿಂತು ಆರು ಆರು ಅಂತ ಬಡ್ಕೊಂಡ್ವಲ್ಲ. ಅದಕ್ಕೇನು ಮಾಡೋದು?"

ಒಂದು ಅಂಕಕ್ಕೂ ಜಗ್ಗದ ಟೀಚರಮ್ಮ ಅವನ ಕೈಯಲ್ಲಿದ್ದ ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕುವುದನ್ನು ನೋಡಿದರು. ಆಮೇಲೆ ಬಹಳ ಕಷ್ಟಪಟ್ಟು ಹೇಳಿದರು. "ಯಾರಿಗೆ ಗೊತ್ತು, ಇವರು ನೋಡಿದ್ದ ಜೇಡಕ್ಕೆ ಆರೇ ಇತ್ತೇನೋ. ಎರಡು ಎಲ್ಲೋ ಮುರ್ಕೊಂಡಿರಬಹುದು."

ಬೀದಿ ಉಸಿರು ಬಿಟ್ಟಿತು. ಕಟಿಂಗ್ ಅಂಗಡಿಯವನ ಮುಖ ಸಡಿಲವಾಯಿತು. ಅವನು ಬೆಂಚಿನ ಹತ್ತಿರ ಬಂದು, ತುದಿಯಲ್ಲಿ ಅರ್ಧ ಕೂತು, ಎಷ್ಟೋ ದಿನಗಳಿಂದ ತಡೆದುಕೊಂಡವನಂತೆ ಕೇಳಿದ.

"ಹೌದಾ ಚಾಂಪಿಯನ್ರೇ? ಮುರಿದುಹೋದ ಕಾಲು ಜೇಡಕ್ಕೆ ಮತ್ತೆ ಹುಟ್ಟುತ್ತಾ?"

ಅವನ ಮೈಯೆಲ್ಲ ಬೆಚ್ಚಗಾಯಿತು. ಉತ್ತರ ನಾಲಿಗೆಯ ತುದಿಗೆ ಓಡೋಡಿ ಬಂತು. ಎರಡು ಉತ್ತರಗಳು ಬಂದವು, ಎರಡೂ ಜೋರಾಗಿ ಹೇಳುವಂಥವೇ. ಬಾಯಿ ತೆರೆದ. ಟೀಚರಮ್ಮನನ್ನು ನೋಡಿದ. ಬಾಯಿ ಮುಚ್ಚಿದ. ಮತ್ತೆ ತೆರೆದ.

"ಗೊತ್ತಿಲ್ಲ" ಎಂದ.

ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಏನೋ ಠಣ್ಣೆಂದು ಬಿತ್ತು. ಬೀದಿ ಗರಬಡಿದಂತೆ ನಿಂತಿತು. ಕಟಿಂಗ್ ಅಂಗಡಿಯವನು ನಿಧಾನವಾಗಿ ಎದ್ದು, ತೋರುಬೆರಳು ಎತ್ತಿ, ಕಿಟಕಿ ಕಿಟಕಿಗೂ ಕೇಳುವಂತೆ ಸಾರಿದ.

"ಕೇಳಿಸ್ಕೊಂಡ್ರಾ ಎಲ್ರೂ? ಚಾಂಪಿಯನ್‌ಗೇ ಗೊತ್ತಿಲ್ಲ ಅಂದ್ರೆ, ಅದು ಪ್ರಪಂಚದಲ್ಲಿ ಇನ್ನು ಯಾರಿಗೂ ಗೊತ್ತಿಲ್ಲ ಅಂತ್ಲೇ ಅರ್ಥ!"

ಟೀಚರಮ್ಮ ಹಣೆ ಚಚ್ಚಿಕೊಂಡರು. ಆದರೆ ಬೆಂಚಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಏಜೆಂಟನಿಗೂ ಜಾಗ ಮಾಡಿಕೊಟ್ಟರು.